ಹವಳದ ತೊಟ್ಟಿಯ ಪಾಚಿಗೆ ಯಾವ ಔಷಧ ಹಾಕಬೇಕು?

ಮನೆಯಲ್ಲಿ ಹೊಸದಾಗಿ ರೀಫ್ ಟ್ಯಾಂಕ್ (ಜೀವಂತ ಹವಳ ಸಾಕುವ ಉಪ್ಪುನೀರಿನ ತೊಟ್ಟಿ) ಇಟ್ಟವರು ನನ್ನನ್ನು ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ: "ಕಲ್ಲಿನ ಮೇಲೆಲ್ಲ ಕೂದಲಿನಂಥ ಹಸಿರು ಪಾಚಿ ಹಬ್ಬಿದೆ, ನೀರು ಪರೀಕ್ಷಿಸಿದರೆ ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆ, ಯಾವ ಔಷಧ ಹಾಕಲಿ?"

ಆ ಸೊನ್ನೆಯನ್ನು ನಂಬಬೇಡಿ ಎಂಬುದು ನನ್ನ ಮೊದಲ ಮಾತು. ಆ ಎರಡೂ ಪಾಚಿಯ ಗೊಬ್ಬರ; ಟೆಸ್ಟ್ ಕಿಟ್ ಅಳೆಯುವುದು ನೀರಿನಲ್ಲಿ ಉಳಿದದ್ದನ್ನೇ ಹೊರತು ಪಾಚಿ ಆಗಲೇ ತಿಂದು ಮುಗಿಸಿದ್ದನ್ನಲ್ಲ. ಔಷಧದ ವಿಷಯಕ್ಕೆ ಬಂದರೆ, ಹವಳದ ಅಂಗಾಂಶದೊಳಗೆ ವಾಸವಾಗಿದ್ದು ಅದಕ್ಕೆ ಆಹಾರ ಒದಗಿಸುವುದೂ ಒಂದು ಬಗೆಯ ಸೂಕ್ಷ್ಮ ಪಾಚಿಯೇ ಆಗಿರುವುದರಿಂದ, ಪಾಚಿನಾಶಕವನ್ನು ಸುರಿಯುವುದು ಕಳೆಯ ಜೊತೆಗೆ ಪೈರನ್ನೂ ಸುಡುವ ಕೆಲಸವಾದೀತು. ಅದರಲ್ಲಿ ತಾಮ್ರವಿದ್ದರಂತೂ ಬಸವನಹುಳು, ಸೀಗಡಿಗಳೂ ಉಳಿಯುವುದಿಲ್ಲ.

ನನ್ನ ತೊಟ್ಟಿಯಲ್ಲಿ ಪಾಚಿ ಎದ್ದದ್ದು ಎರಡನೆಯ ವರ್ಷದಲ್ಲಿ. ಆವಿಯಾದ ನೀರಿನ ಬದಲಿಗೆ ಅಡುಗೆಮನೆಯ ಆರ್‌ಓ ಯಂತ್ರದ ನೀರನ್ನೇ ಹಾಕುತ್ತಿದ್ದೆ. ಮೀಟರ್ ಅದ್ದಿ ನೋಡಿದರೆ ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿರುವ ಖನಿಜ-ಲವಣಗಳ ಪ್ರಮಾಣ, 38. ರೀಫ್ ಟ್ಯಾಂಕಿಗೆ ಹೀಗೆ ತುಂಬುವ ನೀರಿನಲ್ಲಿ ಬೇಕಾದದ್ದು ಸೊನ್ನೆ. ಕುಡಿಯುವ ನೀರಿನ ಇಂಥ ಯಂತ್ರಗಳಲ್ಲಿ ಹಲವು ರುಚಿಗಾಗಿ ಖನಿಜಗಳನ್ನು ಮತ್ತೆ ಬೆರೆಸುತ್ತವೆ. ನೀರು ಆವಿಯಾಗಿ ಹೋಗುತ್ತದೆ, ಅದರೊಂದಿಗೆ ಬಂದದ್ದು ತೊಟ್ಟಿಯಲ್ಲೇ ಕೂರುತ್ತದೆ. ನೀರಿನಲ್ಲಿ ಉಳಿದ ಖನಿಜಗಳನ್ನೂ ಹೀರಿಕೊಳ್ಳುವ ಡಿಐ ರೆಸಿನ್ ಜೋಡಿಸಿ, ಮೀನಿನ ಊಟವನ್ನು ಅರ್ಧಕ್ಕಿಳಿಸಿದೆ. ಬಳಿಕ ಒಂದೊಂದೇ ಕಲ್ಲನ್ನು ತೊಟ್ಟಿಯದೇ ನೀರು ತುಂಬಿದ ಬಕೆಟ್ಟಿನಲ್ಲಿಟ್ಟು, ಪಾಚಿಯನ್ನು ಬೆರಳಿಗೆ ಸುತ್ತಿ ಕಿತ್ತು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಬುಡವನ್ನು ತಿಕ್ಕಿದೆ. ಬಕೆಟ್ಟಿನ ನೀರು ಪಾಲಕ್ ಬೇಯಿಸಿದ ನೀರಿನಂತಾಗಿತ್ತು. ಟರ್ಬೊ ಬಸವನಹುಳುಗಳನ್ನು ಬಿಟ್ಟದ್ದು ಇದಾದ ಮೇಲೆಯೇ. ಉದ್ದ ಬೆಳೆದ ಪಾಚಿಗೆ ಅವು ಬಾಯಿ ಹಾಕುವುದು ಕಡಿಮೆ, ಮೋಟು ಪಾಚಿಯನ್ನು ಮಾತ್ರ ಚೆನ್ನಾಗಿ ಮೇಯುತ್ತವೆ.

ಮೇಯುವವರಿಲ್ಲದಿದ್ದರೆ ಸಮುದ್ರದಲ್ಲೂ ಇದೇ ಕಥೆ. 1983ರಲ್ಲಿ ಪನಾಮಾದ ಕರಾವಳಿಯಿಂದ ಆರಂಭವಾದ ರೋಗಕ್ಕೆ ಕೆರಿಬಿಯನ್ ಸಮುದ್ರದಲ್ಲಿ ಪಾಚಿ ಮೇಯುವ, ಚೆಂಡಿನಂಥ ಮೈಯ ಉದ್ದ ಮುಳ್ಳಿನ ಸೀ ಅರ್ಚಿನ್‌ಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಸತ್ತುಹೋದಾಗ, ಜಮೈಕಾದ ಹವಳದ ದಿಬ್ಬಗಳನ್ನು ಪಾಚಿ ಮುಚ್ಚಿಬಿಟ್ಟಿತು.

ಇಷ್ಟೆಲ್ಲ ಹೇಳಿದ್ದು ಹಸಿರು ಕೂದಲು ಪಾಚಿಯ ಬಗ್ಗೆ. ಹೊಸ ತೊಟ್ಟಿಯ ಕಂದು ಧೂಳು ಡಯಾಟಮ್ ಎಂಬ ಸೂಕ್ಷ್ಮ ಪಾಚಿ. ಕೆಲವು ವಾರಗಳಲ್ಲಿ ತಾನಾಗಿ ಹೋಗುತ್ತದೆ. ಕೆಂಪು ಲೋಳೆ ಪಾಚಿಯೇ ಅಲ್ಲ, ಬ್ಯಾಕ್ಟೀರಿಯಾ. ಗಾಳಿಗುಳ್ಳೆ ಕಟ್ಟಿಕೊಂಡು ಜೋತಾಡುವ ಕಂದು ಸಿಂಬಳ ಕಂಡರೆ ಮಾತ್ರ ಎಚ್ಚರ: ಅದು ಡೈನೋಫ್ಲಾಜೆಲೇಟ್ ಎಂಬ ಇನ್ನೊಂದು ಸೂಕ್ಷ್ಮಜೀವಿ, ಬಹಳ ಸಲ ಬರುವುದು ನೈಟ್ರೇಟ್, ಫಾಸ್ಫೇಟ್ ನಿಜವಾಗಿಯೂ ಸೊನ್ನೆಗೆ ಇಳಿದಾಗಲೇ. ಆದ್ದರಿಂದ ಫಾಸ್ಫೇಟ್ ಹೀರುವ ಕಬ್ಬಿಣದ ಹರಳುಗಳನ್ನು ಹಾಕುವವರು ಚಮಚದ ಲೆಕ್ಕದಲ್ಲಿ ಹಾಕಲಿ. ನಾನು ಲೀಟರಿಗೆ ನೈಟ್ರೇಟ್ 5 ಮಿಲಿಗ್ರಾಂ, ಫಾಸ್ಫೇಟ್ 0.05 ಮಿಲಿಗ್ರಾಂ ಆಸುಪಾಸಿನಲ್ಲಿ ಇಟ್ಟುಕೊಂಡಿದ್ದೇನೆ.

ಕಲ್ಲು ಮತ್ತೆ ಕಲ್ಲಿನ ಬಣ್ಣಕ್ಕೆ ಬರಲು ಮೂರು ತಿಂಗಳು ಹಿಡಿಯಿತು. ಪಂಪಿನ ಹಿಂದೆ ಒಂದು ಹಿಡಿ ಪಾಚಿ ಇಂದಿಗೂ ಇದೆ. ಬಸವನಹುಳುಗಳ ಪಾಲಿಗೆಂದು ಬಿಟ್ಟಿದ್ದೇನೆ.