ಅಪಾರ್ಟ್‌ಮೆಂಟ್ ನೀರಿನ ಕೆಲಸ: ಸ್ನಾನದ ನೀರು ಫ್ಲಶ್‌ಗೆ

ಮಂಗಳೂರಿನ ಕದ್ರಿಯಲ್ಲಿ ನಮ್ಮದು ಹನ್ನೆರಡು ಮನೆಗಳ ಹಳೇ ಅಪಾರ್ಟ್‌ಮೆಂಟ್. ಸ್ನಾನದ ನೀರನ್ನು ಸೋಸಿ ಫ್ಲಶ್‌ಗೆ ಬಳಸುವ ಕೆಲಸ ಹಿಡಿದಿದ್ದೇವೆ. ಈ ವಾರ ಮೊದಲ ಡಕ್ಟ್‌ನ ಪೈಪ್ ಬೇರೆ ಮಾಡಿ ಮುಗಿಯಿತು.

ಡಕ್ಟ್ ಒಳಗೆ ಎರಡು ಪೈಪ್ ಇಳಿಯುತ್ತವೆ. ನಾಲ್ಕು ಇಂಚಿನದು ಟಾಯ್ಲೆಟ್‌ದು, ಮೂರು ಇಂಚಿನದು ಸ್ನಾನ ಮತ್ತು ವಾಷ್‌ಬೇಸಿನ್‌ದು. ಎರಡೂ ಕೆಳಗೆ ಒಂದೇ ಚೇಂಬರ್‌ಗೆ ಬೀಳುತ್ತಿದ್ದವು. ಚೇಂಬರ್‌ಗಿಂತ ಮೇಲೆ ಎಲ್ಲೂ ಇವೆರಡು ಸೇರುವುದಿಲ್ಲ ಅಂತ ಖಾತ್ರಿ ಮಾಡಿಕೊಳ್ಳಲು ಮೇಲಿನ ಮನೆಯ ಬಚ್ಚಲಲ್ಲಿ ಅರಿಶಿನ ಕಲಸಿದ ನೀರು ಹೊಯ್ದೆವು. ಸಣ್ಣ ಪೈಪಿನಲ್ಲಿ ಮಾತ್ರ ಹಳದಿ ಬಂತು. ಚೇಂಬರ್ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ ಪ್ಲಂಬರ್, "ಇದು ಆಗ್ತದೆ ಅಣ್ಣ, ಗೋಡೆ ಒಡೆಯುವುದು ಬೇಡ" ಅಂದರು. ಎಷ್ಟು ಖುಷಿಯಾಯಿತು ಗೊತ್ತಾ! ಎಲ್ಲವೂ ಒಂದೇ ಪೈಪಿಗೆ ಸೇರುವ ಕಟ್ಟಡದಲ್ಲಿ ಈ ಕೆಲಸ ಇಷ್ಟು ಸುಲಭವಿಲ್ಲ. ಹೊಸದಾಗಿ ಕಟ್ಟುವವರು ದಯವಿಟ್ಟು ನಕ್ಷೆಯಲ್ಲೇ ಎರಡು ಪೈಪ್ ಹಾಕಿಸಿ.

"ಇಷ್ಟು ಮಳೆ ಬರುವ ಊರಲ್ಲಿ ಇದೆಲ್ಲ ಎಂತಕ್ಕೆ ಮಾರಾಯ್ರೆ?" ಅಂತ ಮೀಟಿಂಗ್‌ನಲ್ಲಿ ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಲೀಟರ್. ಮಂಗಳೂರಿನ ಸುಮಾರು 3,500 ಮಿ.ಮೀ. ಮಳೆಗೆ ನಮ್ಮ 300 ಚದರ ಮೀಟರ್ ತಾರಸಿಯ ಮೇಲೆ ಹತ್ತು ಲಕ್ಷ ಲೀಟರ್ ಬೀಳುತ್ತದೆ. ಆದರೆ ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಹೋಗುತ್ತದೆ. ಸಂಪು ಹಿಡಿಯುವುದು ಮೂರು ದಿನದ ನೀರು. ಬಾವಿ ಜುಲೈಯಲ್ಲೇ ತುಂಬುತ್ತದೆ, ಆಮೇಲೆ ಕೆಂಪುಕಲ್ಲಿನ ನೆಲ ನೀರನ್ನು ಹಿಡಿದಿಡದೆ ಬೇಗ ಬಿಟ್ಟುಬಿಡುತ್ತದೆ. 2019ರ ಮೇಯಲ್ಲಿ ತುಂಬೆ ಅಣೆಕಟ್ಟಿನ ಮಟ್ಟ ಇಳಿದು ನಗರಕ್ಕೆ ನೀರಿನ ರೇಷನಿಂಗ್ ಬಂದದ್ದು ನೆನಪಿದೆಯಲ್ವಾ? ನಮಗೆ ಬೇಕಾದದ್ದು ಏಪ್ರಿಲ್-ಮೇಯಲ್ಲಿ ದಿನಾ ಸಿಗುವ ನೀರು. ಸ್ನಾನದ ನೀರು ಆಗಲೂ ಇರುತ್ತದೆ.

ಸಾಮಾನ್ಯವಾಗಿ ತಲೆಗೆ ದಿನಕ್ಕೆ 135 ಲೀಟರ್ ಲೆಕ್ಕ, ಅದರಲ್ಲಿ 45 ಫ್ಲಶ್‌ಗೇ. ನಲವತ್ತೆಂಟು ಜನರಿಗೆ 2,160 ಲೀಟರ್. ಪೂರ್ತಿ ಕೆಲಸ ಆದರೆ ಮೂರು ದಿನಕ್ಕೊಂದು ಆರು ಸಾವಿರ ಲೀಟರ್‌ನ ಟ್ಯಾಂಕರ್ ಉಳಿದ ಹಾಗೆ.

ಪಾರ್ಕಿಂಗ್ ಹಿಂದೆ ಸ್ನಾನದ ನೀರು ಸೋಸುವ ಜಲ್ಲಿ-ಮರಳಿನ ಹಾಸು ರೆಡಿಯಾಗಿದೆ, ಅದರಲ್ಲಿ ಕಾಬಾಳೆ (ಕ್ಯಾನಾ ಗಿಡ) ನೆಟ್ಟಿದ್ದೇವೆ. ಅಡುಗೆಮನೆಯ ನೀರನ್ನು ಸೇರಿಸಿಲ್ಲ. ಎಣ್ಣೆ ಜಿಡ್ಡು ಹಾಸನ್ನು ಕಟ್ಟಿಸಿಬಿಡುತ್ತದೆ. ಸೋಸಿದ ನೀರನ್ನೂ ಒಂದು ದಿನಕ್ಕಿಂತ ಜಾಸ್ತಿ ಇಡಬಾರದು, ವಾಸನೆ ಬರುತ್ತದೆ. ಅದಕ್ಕೇ ಟ್ಯಾಂಕ್ ಸಣ್ಣದು.

ಮುಂದಿನ ವಾರ ತಾರಸಿಯ ಬೇರೆ ಟ್ಯಾಂಕಿನಿಂದ ಫ್ಲಶ್‌ಗಳಿಗೆ ಹೊಸ ಲೈನ್. ಕುಡಿಯುವ ಲೈನ್ ಜೊತೆ ಯಾರೂ ಅಪ್ಪಿತಪ್ಪಿ ಜೋಡಿಸದಂತೆ ಅದಕ್ಕೆ ಉದ್ದಕ್ಕೂ ನೇರಳೆ ಬಣ್ಣ ಬಳಿಯುತ್ತೇವೆ.