ಹೂಮಳೆ ಜನವರಿಯಲ್ಲಿ ಬಂದರೆ

ನಮ್ಮ ಮೂಡಿಗೆರೆ ಸೀಮೆಯ ತೋಟಗಳಲ್ಲಿ ಮಳೆಯನ್ನು ಇಂದಿಗೂ ಇಂಚು ಮತ್ತು ಸೆಂಟುಗಳಲ್ಲಿ ಅಳೆಯುತ್ತಾರೆ. ನೂರು ಸೆಂಟಿಗೆ ಒಂದು ಇಂಚು, ಎಂದರೆ 25 ಮಿಲಿಮೀಟರಿಗಿಂತ ತುಸು ಹೆಚ್ಚು. ಅಪ್ಪಯ್ಯ ದಿನವೂ ಬೆಳಿಗ್ಗೆ ಅಂಗಳದ ಮಳೆಮಾಪಕವನ್ನು ನೋಡಿ ಬರೆದಿಡುತ್ತಿದ್ದ ಪುಸ್ತಕದಲ್ಲಿ ಜೂನ್, ಜುಲೈ ತಿಂಗಳ ಪುಟಗಳು ಅಂಕಿಗಳಿಂದ ಕಿಕ್ಕಿರಿದಿವೆ. ಜನವರಿಯ ಪುಟಗಳು ಬಹುಪಾಲು ಖಾಲಿ. ಆ ಖಾಲಿ ಪುಟಗಳ ಮೇಲೆಯೇ ನಮ್ಮ ವರ್ಷದ ಆದಾಯ ನಿಂತಿದೆ ಎಂಬುದು ನನಗೆ ಚೆನ್ನಾಗಿ ಮನದಟ್ಟಾದದ್ದು 2021ರ ಜನವರಿ ಮೊದಲ ವಾರದಲ್ಲಿ, ಚಿಕ್ಕಮಗಳೂರು, ಹಾಸನ, ಕೊಡಗು ಜಿಲ್ಲೆಗಳ ಕಾಫಿ ಸೀಮೆಯ ಮೇಲೆ ಅಕಾಲದ ಮಳೆ ಸುರಿದಾಗ.

ಮಾಗಿಯಲ್ಲಿ ಮಳೆ ಬಂದರೆ ಕೊಯ್ಲು ಹಾಳಾಗುತ್ತದೆ ಎಂಬುದನ್ನು ಎಲ್ಲರೂ ಬಲ್ಲರು, ಅದು ಕಣ್ಣಿಗೆ ಕಾಣುವ ನಷ್ಟ. ಗಿಡದಲ್ಲಿ ಹಣ್ಣಾಗಿ ನಿಂತ ಅರೇಬಿಕಾ ಕಾಫಿ ನೀರು ಕುಡಿದು ಸಿಪ್ಪೆ ಬಿರಿದು ನೆಲಕ್ಕೆ ಉದುರುತ್ತದೆ, ಉದುರಿದ್ದನ್ನು ಹೆಕ್ಕಿಸುವ ಕೂಲಿಯೇ ಅದರ ಬೆಲೆಯ ಹತ್ತಿರ ಬರುತ್ತದೆ. ಕಣದಲ್ಲಿ ಹರಡಿದ ಪಾರ್ಚ್‌ಮೆಂಟ್, ಎಂದರೆ ಹಣ್ಣಿನ ಸಿಪ್ಪೆ ತೆಗೆದು ತೊಳೆದ ಬೀಜ, ಒಣಗಲು ಒಳ್ಳೆಯ ಬಿಸಿಲಿನಲ್ಲಿ ಏಳರಿಂದ ಹತ್ತು ದಿನ ಬೇಕು, ಹಣ್ಣನ್ನು ಹಾಗೆಯೇ ಒಣಗಿಸುವ ಚೆರಿಗೆ ಇನ್ನೂ ಹೆಚ್ಚು. ಮೋಡ ಕವಿದ ಆ ವಾರದಲ್ಲಿ ಟಾರ್ಪಾಲು ಹೊದೆಸುವುದು, ತೆಗೆಯುವುದು, ಮತ್ತೆ ಹೊದೆಸುವುದು ಇದೇ ಕೆಲಸವಾಗಿತ್ತು. ಟಾರ್ಪಾಲಿನ ಅಡಿಯಲ್ಲಿ ಬೆವತ ಚೆರಿ ಮೂರನೆಯ ದಿನಕ್ಕೆ ಬೂಷ್ಟು ಹಿಡಿಯಿತು, ಅದರ ಹುಳಿ ವಾಸನೆ ಜಗಲಿಯವರೆಗೂ ಬರುತ್ತಿತ್ತು.

ಕಣ್ಣಿಗೆ ಕಾಣದ ನಷ್ಟ ಬೇರೆಯದು, ಅದು ಗಿಡದ ಒಳಗೆ ನಡೆಯುವಂಥದು. ಮಳೆಗಾಲ ಮುಗಿದ ಮೇಲೆ ಕಾಫಿ ಗಿಡದ ಗೆಣ್ಣುಗಳಲ್ಲಿ ಮೊಗ್ಗು ಕಟ್ಟುತ್ತದೆ, ಒಂದು ಹಂತಕ್ಕೆ ಬೆಳೆದು ಅಲ್ಲಿಯೇ ನಿದ್ದೆ ಹೋಗುತ್ತದೆ. ಡಿಸೆಂಬರಿನಿಂದ ಫೆಬ್ರುವರಿಯವರೆಗಿನ ಒಣಹವೆ ಅದಕ್ಕೆ ಅಗತ್ಯವಾದ ಬಾಯಾರಿಕೆ. ಬಲಿತ ಮೊಗ್ಗು, ಎಳೆಯ ಮೊಗ್ಗು ಎಲ್ಲವೂ ಆ ಬಾಯಾರಿಕೆಯಲ್ಲಿ ಒಂದೇ ಸಮನಾಗಿ ಸಿದ್ಧವಾಗುತ್ತವೆ. ಮಾರ್ಚ್ ಅಥವಾ ಏಪ್ರಿಲಿನಲ್ಲಿ ಒಂದು ಇಂಚಿನಷ್ಟು ಹೂಮಳೆ ಬಿದ್ದರೆ ಒಂಬತ್ತು ಹತ್ತು ದಿನಗಳಲ್ಲಿ ಇಡೀ ಗುಡ್ಡ ಬೆಳ್ಳಗಾಗುವುದಕ್ಕೆ ಕಾರಣ ಇದೇ. ಆ ಒಂದು ಇಂಚಿಗಾಗಿ ದೇವರಿಗೆ ಹರಕೆ ಹೊರುವ ನಾವೇ ಜನವರಿಯಲ್ಲಿ ಅದೇ ಒಂದು ಇಂಚು ಬಂದಾಗ ತಲೆಯ ಮೇಲೆ ಕೈ ಹೊತ್ತು ಕುಳಿತೆವು. ಏಕೆಂದರೆ ಅಷ್ಟರ ವೇಳೆಗೆ ಬಲಿತ ಮೊಗ್ಗುಗಳು ಮಾತ್ರ ಎಚ್ಚೆತ್ತು ಅರಳಿದವು, ಉಳಿದವು ಹಾಗೆಯೇ ನಿಂತವು. ಅರಳಿದ ಹೂವು ಕಾಯಿಯಾಗಿ ನಿಲ್ಲಬೇಕಾದರೆ ಎರಡು ಮೂರು ವಾರಗಳಲ್ಲಿ ಇನ್ನೊಂದು ಮಳೆ, ನಾವು ಬ್ಯಾಕಿಂಗ್ ಎನ್ನುವುದು, ಬೀಳಬೇಕು. ಫೆಬ್ರುವರಿಯಲ್ಲಿ ಅದನ್ನು ಯಾರು ತಂದುಕೊಡುತ್ತಾರೆ? ಕೆರೆ ಇದ್ದವರು ಸ್ಪ್ರಿಂಕ್ಲರ್ ಹಾಕಿದರು, ನಮ್ಮಂಥ ಸಣ್ಣ ಹಿಡುವಳಿಯವರು ಆಕಾಶ ನೋಡಿದೆವು. ಕಾಫಿಯ ಇನ್ನೊಂದು ಜಾತಿಯಾದ ರೊಬಸ್ಟಾದ ಪಾಡು ಇನ್ನೂ ವಿಚಿತ್ರ. ಅದರ ಕೊಯ್ಲು ಆಗತಾನೆ ಆರಂಭವಾಗಬೇಕಿತ್ತು, ಹಣ್ಣಿನ ಗೊಂಚಲಿನ ಪಕ್ಕದಲ್ಲಿಯೇ ಹೂವು ಬಂದಿದ್ದ ರೆಕ್ಕೆಗಳಲ್ಲಿ, ಎಂದರೆ ಅಡ್ಡ ಕೊಂಬೆಗಳಲ್ಲಿ, ಈ ವರ್ಷದ ಬೆಳೆಯನ್ನು ಕಿತ್ತರೆ ಮುಂದಿನ ವರ್ಷದ ಬೆಳೆಯೂ ಹೂವಿನಲ್ಲಿಯೇ ಕಿತ್ತು ಕೈಗೆ ಬರುತ್ತಿತ್ತು.

ಮನೆಯ ಹಿತ್ತಿಲೂ ಇದೇ ಕಥೆಯನ್ನು ಚಿಕ್ಕದಾಗಿ ಹೇಳುತ್ತಿತ್ತು. ಮಾವಿನ ಮರಕ್ಕೂ ಹೂ ಬಿಡಲು ಚಳಿ ಮತ್ತು ಒಣಹವೆ ಬೇಕು. ಆ ವರ್ಷ ಬಾವಿಯ ಬಳಿಯ ಮರ ಒಂದು ಪಾರ್ಶ್ವದಲ್ಲಿ ಹೂವು, ಇನ್ನೊಂದು ಪಾರ್ಶ್ವದಲ್ಲಿ ತಾಮ್ರವರ್ಣದ ಚಿಗುರು ಬಿಟ್ಟಿತು, ಬಿಟ್ಟ ಹೂವನ್ನೂ ಬೂದಿ ರೋಗ ತಿಂದಿತು. ಅಮ್ಮನ ಟೊಮೆಟೊ ಪಾತಿಗೆ ಅಂಗಮಾರಿ ಬಂದು ನಾಲ್ಕು ದಿನಗಳಲ್ಲಿ ಎಲೆಗಳು ಸುಟ್ಟಂತೆ ಕಪ್ಪಾದವು, ಸೇವಂತಿಗೆ ಅರಳಿದಲ್ಲಿಯೇ ಕೊಳೆತು ಕಂದಿತು. ಅವರೆಯ ಚಪ್ಪರದಲ್ಲಿ ಹೂವು ಉದುರಿ ಕುಡಿಗಳಿಗೆಲ್ಲ ಹೇನು ಮುತ್ತಿತ್ತು; ಸಂಕ್ರಾಂತಿಗೆ ಸಿಕ್ಕ ಹಿಡಿಯಷ್ಟು ಕಾಯಿಗೆ ಇಬ್ಬನಿ ಕುಡಿದ ಕಾಯಿಯ ಸೊಗಡೂ ಇರಲಿಲ್ಲ, ಇದನ್ನು ನಾನು ನಷ್ಟದ ಪಟ್ಟಿಯಲ್ಲಿ ಮೊದಲು ಬರೆಯುವವನು. ತುಡುವೆ ಜೇನಿನ ಪೆಟ್ಟಿಗೆಯ ಹುಳುಗಳು ಜಡಿಮಳೆಯಲ್ಲಿ ಹೊರಗೆ ಬಾರದೆ ಕೂಡಿಟ್ಟ ತುಪ್ಪವನ್ನೇ ತಿಂದು ಕುಳಿತವು.

ಗದ್ದೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ನಮ್ಮ ಕಡೆ ಗದ್ದೆ ಮಾಡುವವರೇ ಕಡಿಮೆಯಾಗಿದ್ದಾರೆ. ಆದರೆ ಅರಸೀಕೆರೆಯ ಕಡೆಯ ಬಯಲುಸೀಮೆಯಲ್ಲಿ ರಾಗಿಯ ಸಂಕಟ ಮಲೆನಾಡಿನವರಿಗೆ ಸುಲಭವಾಗಿ ತಿಳಿಯುವುದಿಲ್ಲ. ಅಲ್ಲಿರುವ ನನ್ನ ಅತ್ತೆ ಹೇಳುವಂತೆ, ಕೊಯ್ದು ಹಾಕಿದ ರಾಗಿ ನೆನೆದರೆ ತೆನೆಯಲ್ಲಿಯೇ ಮೊಳಕೆ ಒಡೆಯುತ್ತದೆ. ಅದಕ್ಕಿಂತ ದೊಡ್ಡ ಪೆಟ್ಟು ಎಂದರೆ ಹುಲ್ಲು ಕಪ್ಪಾಗುವುದು. ಕಾಳು ಹೋದರೆ ಅಂಗಡಿಯಿಂದ ತಂದಾರು, ಬೇಸಗೆಯಿಡೀ ದನಗಳಿಗೆ ಹಾಕಬೇಕಾದ ಬಣವೆಯನ್ನು ಎಲ್ಲಿಂದ ತರುವುದು ಎಂದು ಅವರು ಕೇಳುತ್ತಾರೆ.

ಚಳಿಗಾಲದ ಮಳೆಯಿಂದ ಎಲ್ಲವೂ ಕೆಟ್ಟಿತೆಂದು ಬರೆದರೆ ಸುಳ್ಳಾಗುತ್ತದೆ. ಸಾಮಾನ್ಯವಾಗಿ ಜನವರಿಯ ಕೊನೆಗೆ ಬಾಬಾಬುಡನ್‌ಗಿರಿಯ ಹುಲ್ಲುಗಾವಲು ಒಣಗಿ ಹಳದಿಯಾಗುತ್ತದೆ, ಕಿಡಿ ಬಿದ್ದರೆ ಬೆಂಕಿ ಶೋಲಾ ಕಾಡಿನ ಅಂಚಿನವರೆಗೂ ಓಡುತ್ತದೆ. ಆ ವರ್ಷ ಗಿರಿಯ ಇಳಿಜಾರುಗಳು ಜನವರಿ ಕಳೆದರೂ ಹಸಿರಾಗಿಯೇ ಇದ್ದವು. ನಮ್ಮ ತೋಟದ ಕೆಳಗಿನ ಹಳ್ಳ ನಿಲ್ಲಲಿಲ್ಲ, ಮೆಣಸಿನ ಬಳ್ಳಿಗಳು ಬೇಸಗೆಯಲ್ಲಿ ಬಾಡಲಿಲ್ಲ. ಈ ಲಾಭವನ್ನು ಪೇಟೆಯ ಗೆಳೆಯರು ಎತ್ತಿ ಹೇಳುತ್ತಾರೆ, ನೀರು ಬಂದರೆ ಒಳ್ಳೆಯದಲ್ಲವೇ ಎಂದು. ಆದರೆ ವರ್ಷಕ್ಕೆ ನೂರು ಇಂಚು ಕಾಣುವ ಊರಿನಲ್ಲಿ ಒಂದೆರಡು ಇಂಚು ಹೆಚ್ಚಾದುದು ನೀರಿನ ಲೆಕ್ಕದಲ್ಲಿ ಏನೂ ಅಲ್ಲ, ಅದು ಬಂದ ತಿಂಗಳೇ ಎಲ್ಲವೂ.

ಮಾರ್ಚಿನಲ್ಲಿ ಹೂಮಳೆ ಬಂದಾಗ ಉಳಿದ ಮೊಗ್ಗುಗಳು ಅರಳಿದವು. ಹೀಗೆ ಒಂದೇ ಗಿಡದಲ್ಲಿ ಎರಡು ವಯಸ್ಸಿನ ಕಾಯಿಗಳು ನಿಂತವು. ಜನವರಿಯ ಅರೇಬಿಕಾ ಮಳೆಗಾಲ ಕಳೆಯುವ ಮೊದಲೇ ಹಣ್ಣಾಗತೊಡಗಿತು, ಕಾಯಿ ಕೊರೆಯುವ ಬೆರ್ರಿ ಬೋರರ್ ಹುಳುವಿಗೆ ಅದು ಮುಂಗಡ ಊಟವಾಯಿತು, ನಾಲ್ಕು ಕಾಯಿ ಕೆಂಪಾದುದನ್ನು ಕೀಳಲು ಆಳುಗಳನ್ನು ಕರೆದರೆ ಯಾರೂ ಬರಲಿಲ್ಲ. ಹೋಗಲಿ, ಮಾರ್ಚಿನ ಬೆಳೆಯಾದರೂ ಕೈ ಹಿಡಿದೀತು ಎಂದುಕೊಂಡಿದ್ದೆವು. ಅದು ಹಣ್ಣಾಗುವ ಹೊತ್ತಿಗೆ 2021ರ ನವೆಂಬರ್ ಬಂದಿತು, ರಾಜ್ಯದ ಒಳನಾಡಿನಲ್ಲೆಲ್ಲ ಎಡೆಬಿಡದೆ ಮಳೆ ಹೊಯ್ದ ತಿಂಗಳು. ಅಪ್ಪಯ್ಯನ ಪುಸ್ತಕದಲ್ಲಿ ಆ ತಿಂಗಳ ಪುಟ ಜುಲೈ ಪುಟದಂತೆ ತುಂಬಿದೆ. ಕೆಳಗೆ, ಅಂಕಿಗಳ ನಡುವೆ ಎಂದೂ ಮಾತು ಬರೆಯದ ಅವರು, "ಹಣ್ಣು ನೆಲದಲ್ಲಿ" ಎಂದಷ್ಟೇ ಬರೆದಿದ್ದಾರೆ.