ಹಳೆ ಟಿವಿಗೆ ಸ್ಟಿಕ್ ಹಾಕುವಾಗ ಮೊದಲು ನೋಡಬೇಕಾದ್ದು ಅಡಾಪ್ಟರ್

ಇಂಟರ್‌ನೆಟ್‌ನಿಂದ ಸಿನಿಮಾ, ಯೂಟ್ಯೂಬ್ ಎಳೆದು ಟಿವಿಯಲ್ಲಿ ತೋರಿಸುವ ಸ್ಟಿಕ್ ತಂದು ಟಿವಿ ಹಿಂದಿನ ಎಚ್‌ಡಿಎಂಐ ತೂತಿಗೆ ಸಿಕ್ಕಿಸ್ತಾರೆ, ಎರಡು ದಿನ ಚೆನ್ನಾಗಿ ಓಡುತ್ತೆ, ಮೂರನೇ ದಿನ ಸಿನಿಮಾ ಮಧ್ಯೆ ತಾನಾಗಿಯೇ ಆಫ್ ಆಗಿ ಲೋಗೊ ಬರುತ್ತೆ. ಆಮೇಲೆ ಬೈಗುಳ ಬೀಳೋದು ಸ್ಟಿಕ್ಕಿಗೆ, ಇಲ್ಲಾಂದ್ರೆ ಇಂಟರ್‌ನೆಟ್‌ಗೆ. ಹೆಚ್ಚಿನ ಸಲ ಎರಡರದ್ದೂ ತಪ್ಪಿರುವುದಿಲ್ಲ. ಸ್ಟಿಕ್ಕಿಗೆ ಕರೆಂಟ್ ಎಲ್ಲಿಂದ ಹೋಗ್ತಿದೆ, ಅದು ಎಲ್ಲಿ ಕೂತಿದೆ ಅನ್ನೋ ಎರಡು ವಿಷಯ ಸರಿಯಾದರೆ ಅರ್ಧಕ್ಕರ್ಧ ತೊಂದರೆ ಅಲ್ಲೇ ಮುಗಿಯುತ್ತೆ. ಇಲ್ಲಿ ಉದಾಹರಣೆಗೆ ಅಮೆಜಾನ್‌ನ ಫೈರ್ ಟಿವಿ ಸ್ಟಿಕ್‌ನ ಅಗ್ಗದ ಮಾದರಿಗಳನ್ನೇ ಇಟ್ಟುಕೊಂಡಿದ್ದೇನೆ. 2017ರಲ್ಲಿ 3,999 ರೂಪಾಯಿಗೆ ಭಾರತಕ್ಕೆ ಬಂದ ಈ ಸ್ಟಿಕ್, 2020ರಲ್ಲಿ ಲೈಟ್ ಅನ್ನೋ ಹೆಸರಲ್ಲಿ 2,999ಕ್ಕೆ ಇಳಿದ ಮೇಲೆ ಹಳ್ಳಿ ಮನೆಗಳ ಟಿವಿ ಹಿಂದೆಯೂ ಸೇರಿಕೊಂಡಿತು.

ಡಬ್ಬಿಯೊಳಗೆ ಬರುವ ಅಡಾಪ್ಟರ್ ಕೈಗೆತ್ತಿಕೊಂಡು ಅದರ ಮೇಲಿನ ಸಣ್ಣ ಅಕ್ಷರ ಓದಿ. 5 ವೋಲ್ಟ್, 1 ಆಂಪಿಯರ್ ಅಂತಿರುತ್ತೆ, ಅಂದ್ರೆ 5 ವ್ಯಾಟ್. ಟಿವಿ ಹಿಂದಿನ ಹಳೆ ಯುಎಸ್‌ಬಿ ತೂತು ಕೊಡುವುದು ಸಾಮಾನ್ಯವಾಗಿ ಅರ್ಧ ಆಂಪಿಯರ್, ಅಂದ್ರೆ ಎರಡೂವರೆ ವ್ಯಾಟ್. ವೈರ್ ನೇತಾಡೋದು ಬೇಡ ಅಂತ ಎಲ್ಲರೂ ಮೊದಲು ಮಾಡುವ ಕೆಲಸವೇ ಸ್ಟಿಕ್ಕಿನ ಕರೆಂಟ್ ವೈರನ್ನು ಆ ತೂತಿಗೆ ಸಿಕ್ಕಿಸೋದು. ಮೆನುವಿನಲ್ಲಿ ಓಡಾಡುವಾಗ ಆ ಎರಡೂವರೆ ವ್ಯಾಟ್ ಸಾಕಾಗಬಹುದು. ವಿಡಿಯೊ ಓಡಲು ಶುರುವಾಗಿ, ವೈಫೈ ಜೋರಾಗಿ ಎಳೆಯಲು ತೊಡಗಿದ ತಕ್ಷಣ ವೋಲ್ಟೇಜ್ ಕುಸಿದು ಸ್ಟಿಕ್ ರೀಸ್ಟಾರ್ಟ್ ಆಗುತ್ತೆ. ಇನ್ನೊಂದು ತೊಂದರೆಯೂ ಇದೆ: ಟಿವಿ ಆಫ್ ಮಾಡಿದಾಗ ಆ ತೂತಿನ ಕರೆಂಟೂ ನಿಲ್ಲುತ್ತೆ. ಪ್ರತಿ ಸಲ ಸ್ಟಿಕ್ ಮೊದಲಿನಿಂದ ಎದ್ದೇಳಬೇಕು, ರಾತ್ರಿ ಹೊತ್ತು ಆಗಬೇಕಾದ ಅಪ್‌ಡೇಟ್ ಅರ್ಧಕ್ಕೇ ನಿಂತಿರುತ್ತೆ. ಆದ್ದರಿಂದ ಅದರದ್ದೇ ಅಡಾಪ್ಟರನ್ನು ಗೋಡೆಯ ಪ್ಲಗ್ಗಿಗೇ ಹಾಕಿ. ಅದು ಕಳೆದುಹೋಗಿದ್ರೆ ಒಳ್ಳೆ ಕಂಪನಿಯ 5 ವೋಲ್ಟ್, 1 ಅಥವಾ 2 ಆಂಪಿಯರ್‌ನ ಮೊಬೈಲ್ ಚಾರ್ಜರ್ ನಡೆಯುತ್ತೆ. ಆಂಪಿಯರ್ ಹೆಚ್ಚಿದ್ರೆ ಹಾಳಾಗಲ್ಲ, ಸ್ಟಿಕ್ ತನಗೆ ಬೇಕಾದಷ್ಟೇ ಎಳೆದುಕೊಳ್ಳುತ್ತೆ. ಕೇಬಲ್ ಮಾತ್ರ ದಪ್ಪದ್ದಿರಲಿ. ತೆಳು ವೈರು ಉದ್ದವಾದಷ್ಟೂ ಆ ತುದಿ ತಲುಪುವ ವೋಲ್ಟೇಜ್ ಕಡಿಮೆಯಾಗುತ್ತೆ.

ಡಬ್ಬಿಯಲ್ಲಿ ಗೇಣುದ್ದವೂ ಇಲ್ಲದ ಒಂದು ಎಚ್‌ಡಿಎಂಐ ತುಂಡು ಕೇಬಲ್ ಇರುತ್ತೆ. ಬೇಡದ ವಸ್ತು ಅಂತ ಅದನ್ನು ಡ್ರಾಯರಿಗೆ ಹಾಕಿಬಿಡಬೇಡಿ. ಟಿವಿಯ ಒಳಗೆ ದೊಡ್ಡ ತಗಡಿನ ಹಾಳೆ ಇರುತ್ತೆ. ಸ್ಟಿಕ್ ಅದಕ್ಕೆ ಅಂಟಿಕೊಂಡು ಕೂತರೆ ವೈಫೈ ಸಿಗ್ನಲ್ಲಿಗೆ ಅಡ್ಡ, ಜೊತೆಗೆ ಟಿವಿಯ ಬಿಸಿಯೂ ಅದರ ಮೇಲೆಯೇ. ತುಂಡು ಕೇಬಲ್ ಹಾಕಿ ಸ್ಟಿಕ್ಕನ್ನು ಟಿವಿಯ ಅಂಚಿಗೆ ತಂದರೆ ರಿಮೋಟ್ ತಡವರಿಸುವುದೂ ಕಡಿಮೆ, ಚಕ್ರ ಸುತ್ತುವುದೂ ಕಡಿಮೆ. ಗೋಡೆಗೆ ಒತ್ತಿ ನಿಲ್ಲಿಸಿದ ಟಿವಿಗಂತೂ ಇದು ಬೇಕೇ ಬೇಕು.

ಇನ್ನು ವೈಫೈ. ರೂಟರಿನಲ್ಲಿ ಎರಡು ಹೆಸರು ಕಾಣಿಸಿದ್ರೆ, ಒಂದರ ಕೊನೆಯಲ್ಲಿ 5ಜಿ ಅಂತಿದ್ರೆ, ಅದು ಮೊಬೈಲಿನ 5ಜಿ ಅಲ್ಲ, 5 ಗಿಗಾಹರ್ಟ್ಸ್ ತರಂಗ. ಟಿವಿ ಇರುವ ಕೋಣೆಯಲ್ಲೇ ರೂಟರ್ ಇದ್ರೆ ಕಣ್ಣುಮುಚ್ಚಿ ಅದಕ್ಕೆ ಸೇರಿಸಿ. ನಡುವೆ ಎರಡು ಗೋಡೆ ಬಂದ್ರೆ, ಅದರಲ್ಲೂ ಹಳೆ ಮನೆಗಳ ದಪ್ಪ ಕಲ್ಲುಗೋಡೆ ಅಥವಾ ಮೇಲ್ಮಹಡಿಯ ಕಾಂಕ್ರೀಟ್ ಬಂದ್ರೆ, 2.4 ಗಿಗಾಹರ್ಟ್ಸೇ ವಾಸಿ. ವೇಗ ಕಡಿಮೆ ಇದ್ದರೂ ದೂರ ತಲುಪುತ್ತೆ. ಅಪಾರ್ಟ್‌ಮೆಂಟಿನಲ್ಲಿ ಅಕ್ಕಪಕ್ಕದ ಮನೆಯವರೆಲ್ಲ ಇದರಲ್ಲೇ ಇರ್ತಾರೆ, ಹಾಗಾಗಿ ರೂಟರಿನ ಸೆಟ್ಟಿಂಗಿನಲ್ಲಿ ಚಾನೆಲ್ಲನ್ನು 1, 6, 11ರಲ್ಲಿ ಯಾವುದು ಖಾಲಿಯಿದೆಯೋ ಅದಕ್ಕೆ ನಿಲ್ಲಿಸಿ. ಫುಲ್ ಎಚ್‌ಡಿ ನೋಡಲು ಟಿವಿ ಹತ್ತಿರ 5 ಎಂಬಿಪಿಎಸ್ ಸಿಕ್ಕರೂ ಸಾಕು. ಅಳೆಯುವಾಗ ರೂಟರ್ ಪಕ್ಕ ನಿಂತು ಅಳೆಯಬೇಡಿ. ಮೊಬೈಲನ್ನು ಸ್ಟಿಕ್ ಇರುವ ಜಾಗದಲ್ಲೇ, ಟಿವಿಯ ಹಿಂದಕ್ಕೇ ಹಿಡಿದು ನೋಡಿ.

ಮೊಬೈಲ್ ಹಾಟ್‌ಸ್ಪಾಟಿನಿಂದ ನೋಡುವವರು ಲೆಕ್ಕ ಮೊದಲೇ ಹಾಕಿಕೊಳ್ಳಿ. ನೆಟ್‌ಫ್ಲಿಕ್ಸ್ ತಾನೇ ಹೇಳುವ ಪ್ರಕಾರ ಎಚ್‌ಡಿಯಲ್ಲಿ ಗಂಟೆಗೆ 3 ಜಿಬಿವರೆಗೆ, ಸಾದಾ ಗುಣಮಟ್ಟದಲ್ಲಿ 1 ಜಿಬಿವರೆಗೆ ಹೋಗುತ್ತೆ. ದಿನಕ್ಕೆ ಒಂದೂವರೆ ಜಿಬಿ ಪ್ಯಾಕಿನಲ್ಲಿ ಎಚ್‌ಡಿ ಅರ್ಧ ಗಂಟೆಗೇ ಖಾಲಿಯಾಗಬಹುದು. ಸೆಟ್ಟಿಂಗ್ಸ್‌ನ ಪ್ರಿಫರೆನ್ಸಸ್‌ನಲ್ಲಿ ಡೇಟಾ ಮಾನಿಟರಿಂಗ್ ಆನ್ ಮಾಡಿ, ವಿಡಿಯೊ ಗುಣಮಟ್ಟವನ್ನು ಗುಡ್‌ಗೆ ಇಳಿಸಿ. ಅಲ್ಲೇ ಫೀಚರ್ಡ್ ಕಂಟೆಂಟ್ ಒಳಗೆ ಹೋಗಿ ಆಟೊಪ್ಲೇ ಆಫ್ ಮಾಡಿ. ಇಲ್ಲಾಂದ್ರೆ ಹೋಮ್ ಸ್ಕ್ರೀನಿನ ಮೇಲೆ ಯಾರೂ ಕೇಳದ ಜಾಹೀರಾತು ಟ್ರೇಲರ್ ತಾನಾಗಿ ಓಡಿ ನಿಮ್ಮ ಡೇಟಾ ತಿನ್ನುತ್ತೆ.

ಚಿತ್ರದ ನಾಲ್ಕೂ ಅಂಚು ಕತ್ತರಿಸಿದ ಹಾಗಿದೆ, ನ್ಯೂಸ್ ಚಾನೆಲ್ಲಿನ ಕೆಳಗಿನ ಸಾಲು ಅರ್ಧವೇ ಕಾಣುತ್ತೆ ಅನ್ನೋದು ಹಳೆ ಎಲ್‌ಸಿಡಿಗಳಲ್ಲಿ ಸಾಮಾನ್ಯ. ಇದು ಟಿವಿಯ ಕಡೆಯಿಂದ ಸರಿಮಾಡಬೇಕಾದ್ದು. ಟಿವಿ ರಿಮೋಟಿನಲ್ಲಿ ಪಿಕ್ಚರ್ ಸೈಜ್ ಹುಡುಕಿ: ಸ್ಯಾಮ್‌ಸಂಗ್‌ನಲ್ಲಿ ಸ್ಕ್ರೀನ್ ಫಿಟ್, ಎಲ್‌ಜಿಯಲ್ಲಿ ಜಸ್ಟ್ ಸ್ಕ್ಯಾನ್, ಸೋನಿಯಲ್ಲಿ ಫುಲ್ ಪಿಕ್ಸೆಲ್ ಅಂತ ಹೆಸರು. ಟಿವಿಯಲ್ಲಿ ಆ ಆಯ್ಕೆಯೇ ಇಲ್ಲದಿದ್ರೆ ಸ್ಟಿಕ್ಕಿನ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ಕ್ಯಾಲಿಬ್ರೇಟ್ ಡಿಸ್‌ಪ್ಲೇ ಇದೆ, ನಾಲ್ಕು ಮೂಲೆಯ ಬಾಣಗಳು ಕಾಣುವಷ್ಟು ಹೊಂದಿಸಿ. ರೆಸಲ್ಯೂಶನ್ ತಪ್ಪಾಗಿ ಬದಲಾಯಿಸಿ ಪರದೆ ಪೂರ್ತಿ ಕಪ್ಪಾದ್ರೆ ಗಾಬರಿ ಬೇಡ. ಸ್ಟಿಕ್ ರಿಮೋಟಿನ ಮೇಲಿನ ಬಾಣ ಮತ್ತು ರಿವೈಂಡ್ ಬಟನ್ ಎರಡನ್ನೂ 5 ಸೆಕೆಂಡ್ ಒತ್ತಿ ಹಿಡೀರಿ. ಅದು ಒಂದೊಂದೇ ರೆಸಲ್ಯೂಶನ್ ತೋರಿಸುತ್ತಾ ಹೋಗುತ್ತೆ. ಚಿತ್ರ ಕಂಡಾಗ ಓಕೆ ಮಾಡಿ.

ಚಿತ್ರ ಇದೆ, ಧ್ವನಿ ಇಲ್ಲ ಅಂದ್ರೆ ಆಡಿಯೊ ಸೆಟ್ಟಿಂಗಿನಲ್ಲಿ ಸರೌಂಡ್ ಸೌಂಡನ್ನು ಪಿಸಿಎಂಗೆ ಬದಲಾಯಿಸಿ. ಹಳೆ ಟಿವಿಗೆ ಡಾಲ್ಬಿ ಬಿಡಿಸಲು ಬರುವುದಿಲ್ಲ, ಅಷ್ಟೇ ಕಾರಣ. ಕಿವಿ ಸ್ವಲ್ಪ ಮಂದವಾಗಿರುವ ಅಜ್ಜ ಅಜ್ಜಿ ಮನೆಯಲ್ಲಿದ್ರೆ ಬ್ಲೂಟೂತ್ ಹೆಡ್‌ಫೋನನ್ನು ನೇರವಾಗಿ ಸ್ಟಿಕ್ಕಿಗೇ ಜೋಡಿಸಬಹುದು. ಆಗ ಟಿವಿ ಸ್ಪೀಕರ್ ಸುಮ್ಮನಾಗುತ್ತೆ, ಅವರು ತಮಗೆ ಬೇಕಾದಷ್ಟು ಜೋರಾಗಿ ಕೇಳಬಹುದು.

ಹಿಂದೆ ಉಬ್ಬಿರುವ ಡಬ್ಬಾ ಟಿವಿ ಇಂದಿಗೂ ಎಷ್ಟೋ ಮನೆಗಳಲ್ಲಿದೆ, ಅದಕ್ಕೂ ಸ್ಟಿಕ್ ಹಾಕಬಹುದು. ನಡುವೆ ಎಚ್‌ಡಿಎಂಐನಿಂದ ಎವಿಗೆ ಬದಲಾಯಿಸುವ ಕನ್ವರ್ಟರ್ ಬೇಕು. ಕೊಳ್ಳುವಾಗ ಮೈಮರೆತರೆ ತಪ್ಪಾಗುವುದು ಇಲ್ಲೇ: ನೋಡಲು ಹಾಗೇ ಇರುವ ಇನ್ನೊಂದು ಡಬ್ಬಿ ಎವಿಯಿಂದ ಎಚ್‌ಡಿಎಂಐಗೆ ಬದಲಾಯಿಸುವಂಥದ್ದು. ಎರಡಕ್ಕೂ ಮೂರು ಬಣ್ಣದ ತೂತು ಇರುತ್ತೆ, ಬೆಲೆಯೂ ಹತ್ತಿರ ಹತ್ತಿರ. ಉಲ್ಟಾದ್ದು ತಂದರೆ ಏನು ಮಾಡಿದರೂ ಚಿತ್ರ ಬರಲ್ಲ. ಡಬ್ಬಿಯ ಮೇಲೆ ಎಚ್‌ಡಿಎಂಐ ತೂತಿನ ಪಕ್ಕ ಇನ್‌ಪುಟ್ ಅಂತ, ಮೂರು ಬಣ್ಣದ ಕಡೆ ಔಟ್‌ಪುಟ್ ಅಂತ ಬರೆದಿರಬೇಕು. ಹಳದಿ ಚಿತ್ರಕ್ಕೆ, ಬಿಳಿ ಕೆಂಪು ಧ್ವನಿಗೆ. ಟಿವಿಯಲ್ಲಿ ಹಳದಿ ಬಿಳಿ ಎರಡೇ ಇದ್ರೆ ಕೆಂಪನ್ನು ಹಾಗೇ ಬಿಡಿ, ಮಾತು ಕೇಳಿಸುತ್ತೆ. ಪಾಲ್, ಎನ್‌ಟಿಎಸ್‌ಸಿ ಅಂತ ಸಣ್ಣ ಸ್ವಿಚ್ ಇದ್ರೆ ಪಾಲ್ ಕಡೆಗೆ ತಳ್ಳಿ, ನಮ್ಮ ದೇಶದ ಟಿವಿಗಳು ಆ ಪದ್ಧತಿಯವೇ. ಚಿತ್ರ ಕಪ್ಪುಬಿಳುಪಾಗಿ ಬಂದ್ರೆ ಮೊದಲು ಅನುಮಾನಿಸಬೇಕಾದ್ದು ಈ ಸ್ವಿಚ್ಚನ್ನೇ. ಕನ್ವರ್ಟರಿಗೂ ಬೇರೆ 5 ವೋಲ್ಟ್ ಕೊಡಬೇಕು. ಜನ ಉದ್ದಕ್ಕೆ ಎಳೆದಂತೆ ಸಣಕಲಾಗಿ ಕಾಣ್ತಾರೆ, ಯಾಕಂದ್ರೆ ಅಗಲದ ಚಿತ್ರವನ್ನು ಚೌಕದ ಪರದೆಗೆ ಹಿಂಡಿರುತ್ತೆ. ಟಿವಿಯಲ್ಲಿ 16:9 ಆಯ್ಕೆ ಇದ್ರೆ ಅದು ಸರಿಹೋಗುತ್ತೆ. ಯೂಟ್ಯೂಬ್ ಓಡುತ್ತೆ, ದುಡ್ಡು ಕೊಟ್ಟು ನೋಡುವ ಆ್ಯಪ್ ಮಾತ್ರ ಕಪ್ಪು ಅಂದ್ರೆ ಆ ಕನ್ವರ್ಟರಿಗೆ ನಕಲು ತಡೆಯುವ ಎಚ್‌ಡಿಸಿಪಿ ಗೊತ್ತಿಲ್ಲ ಅಂತ ಅರ್ಥ. ಬೇರೆಯದು ತರದೇ ದಾರಿಯಿಲ್ಲ. ಮೆನುವಿನ ಸಣ್ಣ ಅಕ್ಷರಗಳು ಓದಲು ಕಷ್ಟ, ಅದನ್ನು ಒಪ್ಪಿಕೊಂಡೇ ಹಾಕಬೇಕು. ಹಾಡು, ಹರಿಕಥೆ, ಹಳೆ ಸಿನಿಮಾಗೆ ಧಾರಾಳ ಸಾಕು.

ರಿಮೋಟ್ ಬ್ಲೂಟೂತಿನದು, ಟಿವಿ ಕಡೆ ಗುರಿ ಹಿಡಿಯುವ ಅಗತ್ಯವಿಲ್ಲ. ಲೈಟ್ ಮಾದರಿಯದ್ದರಲ್ಲಿ ವಾಲ್ಯೂಮ್ ಬಟನ್ ಇಲ್ಲ, ಕೊಳ್ಳುವ ಮುಂಚೆ ಇದು ಗೊತ್ತಿರಲಿ. ಹಿರಿಯರ ಕೈಗೆ ಎರಡು ರಿಮೋಟ್ ಕೊಡಬೇಕಾಗುತ್ತೆ. ಸೆಲ್ಲು ಬದಲಿಸಿದರೂ ಕೆಲಸ ಮಾಡದಿದ್ರೆ ಹೋಮ್ ಬಟನ್ 10 ಸೆಕೆಂಡ್ ಒತ್ತಿ, ಮತ್ತೆ ಜೋಡಿಯಾಗುತ್ತೆ. ರಿಮೋಟೇ ಕಳೆದುಹೋದ್ರೆ ಎರಡು ದಾರಿ. ಟಿವಿಯಲ್ಲಿ ಸಿಇಸಿ ಅನ್ನೋ ಸೌಲಭ್ಯ ಆನ್ ಇದ್ರೆ (ಸ್ಯಾಮ್‌ಸಂಗ್ ಇದನ್ನು ಎನಿನೆಟ್ ಪ್ಲಸ್ ಅನ್ನುತ್ತೆ, ಎಲ್‌ಜಿ ಸಿಂಪ್‌ಲಿಂಕ್, ಸೋನಿ ಬ್ರಾವಿಯಾ ಸಿಂಕ್) ಟಿವಿಯ ರಿಮೋಟಿನ ಬಾಣಗಳೇ ಸ್ಟಿಕ್ಕನ್ನೂ ನಡೆಸುತ್ತವೆ. ಇನ್ನೊಂದು, ಮೊಬೈಲಿನಲ್ಲಿ ಫೈರ್ ಟಿವಿ ಆ್ಯಪ್. ಆದರೆ ಮೊಬೈಲೂ ಸ್ಟಿಕ್ಕೂ ಒಂದೇ ವೈಫೈನಲ್ಲಿರಬೇಕು. ಮನೆ ಬದಲಿಸಿದ್ದೀರಿ, ರಿಮೋಟ್ ಸಾಮಾನಿನ ನಡುವೆ ಎಲ್ಲೋ ಹೋಗಿದೆ, ಹೊಸ ವೈಫೈ ಸ್ಟಿಕ್ಕಿಗೆ ಗೊತ್ತಿಲ್ಲ, ಆಗ? ಒಂದು ಮೊಬೈಲಿನಲ್ಲಿ ಹಾಟ್‌ಸ್ಪಾಟ್ ಹಾಕಿ, ಅದಕ್ಕೆ ಹಳೆ ಮನೆಯ ವೈಫೈ ಹೆಸರು, ಹಳೆ ಪಾಸ್‌ವರ್ಡ್ ಎರಡನ್ನೂ ಒಂದಕ್ಷರ ತಪ್ಪದೆ ಕೊಡಿ. ಸ್ಟಿಕ್ ಅದನ್ನೇ ಹಳೆ ರೂಟರ್ ಅಂದುಕೊಂಡು ಸೇರಿಕೊಳ್ಳುತ್ತೆ. ಆ್ಯಪ್ ಇರುವ ಇನ್ನೊಂದು ಮೊಬೈಲನ್ನು ಅದೇ ಹಾಟ್‌ಸ್ಪಾಟಿಗೆ ಸೇರಿಸಿ, ಅದನ್ನೇ ರಿಮೋಟ್ ಮಾಡಿಕೊಂಡು ಹೊಸ ವೈಫೈ ಹಾಕಿಬಿಡಿ.

ರಿಮೋಟಿನಲ್ಲಿ ಒಂದೊಂದೇ ಅಕ್ಷರ ಒತ್ತಿ ಕನ್ನಡದ್ದೇನನ್ನಾದರೂ ಹುಡುಕುವುದು ತಪಸ್ಸೇ ಸರಿ. ಅದರ ಬದಲು ಮೊಬೈಲಿನ ಯೂಟ್ಯೂಬಿನಲ್ಲಿ ಕನ್ನಡ ಕೀಲಿಮಣೆಯಿಂದಲೇ ತಾಳಮದ್ದಳೆ ಅಂತಲೋ ವಚನ ಅಂತಲೋ ಬರೆದು ಹುಡುಕಿ, ಮೇಲಿನ ಕಾಸ್ಟ್ ಚಿಹ್ನೆ ಒತ್ತಿ ಟಿವಿಗೆ ಕಳಿಸಿ. ಇಂಗ್ಲಿಷ್ ಅಕ್ಷರದಲ್ಲಿ ಹುಡುಕಿದಾಗ ಸಿಗದ ಎಷ್ಟೋ ಕನ್ನಡದಲ್ಲಿ ಬರೆದಾಗ ಸಿಗುತ್ತವೆ. ಟಿವಿಯ ಹೆಸರು ಕಾಣಿಸದಿದ್ರೆ ಟಿವಿಯ ಯೂಟ್ಯೂಬ್ ಸೆಟ್ಟಿಂಗಿನಲ್ಲಿ ಟಿವಿ ಕೋಡ್ ಸಿಗುತ್ತೆ, ಅದನ್ನು ಮೊಬೈಲಿಗೆ ಹಾಕಿ. ರೂಟರಿನ ಗೆಸ್ಟ್ ನೆಟ್‌ವರ್ಕಿನಲ್ಲಿದ್ರೆ ಒಂದು ಸಾಧನಕ್ಕೆ ಇನ್ನೊಂದು ಕಾಣಿಸದೇ ಇರಬಹುದು, ಅದನ್ನೂ ನೋಡಿ.

ವರ್ಷ ಕಳೆದಂತೆ ನಿಧಾನ ಆಗುವುದಕ್ಕೆ ಕಾರಣ ಜಾಗ. ಈ ಸ್ಟಿಕ್ಕುಗಳಲ್ಲಿ 1 ಜಿಬಿ ರ‍್ಯಾಮ್, 8 ಜಿಬಿ ಜಾಗ, ಅದರಲ್ಲೂ ಒಂದು ಪಾಲು ಸಿಸ್ಟಮ್ಮಿಗೇ ಹೋಗುತ್ತೆ. ನೋಡದ ಆ್ಯಪ್ ತೆಗೆದುಹಾಕಿ, ಉಳಿದವುಗಳ ಕ್ಯಾಷೆ ಕ್ಲಿಯರ್ ಮಾಡಿ. ಕ್ಲಿಯರ್ ಡೇಟಾ ಒತ್ತಿದ್ರೆ ಲಾಗಿನ್ ಹೋಗುತ್ತೆ, ಎಚ್ಚರ. ಸೆಲೆಕ್ಟ್ ಮತ್ತು ಪ್ಲೇ ಬಟನ್ ಒಟ್ಟಿಗೆ 5 ಸೆಕೆಂಡ್ ಒತ್ತಿದ್ರೆ ರೀಸ್ಟಾರ್ಟ್. ಫ್ಯಾಕ್ಟರಿ ರೀಸೆಟ್ ಮಾತ್ರ ಕಟ್ಟಕಡೆಯ ಉಪಾಯ. 2025ರ ಮಾರ್ಚಿನಲ್ಲಿ ಗೂಗಲ್‌ನ ಇಂಥದ್ದೇ ಸಾಧನವಾದ ಎರಡನೇ ಪೀಳಿಗೆಯ ಕ್ರೋಮ್‌ಕಾಸ್ಟ್‌ಗಳೆಲ್ಲ ಒಂದೇ ಸಲ ನಿಂತುಹೋದವು. ಕಾರಣ ಒಳಗಿನ ಪ್ರಮಾಣಪತ್ರದ ಅವಧಿ ಮುಗಿದದ್ದು. ರೀಸೆಟ್ ಮಾಡಬೇಡಿ ಅಂತ ಗೂಗಲ್ ಹೇಳುವಷ್ಟರಲ್ಲಿ ಅವಸರಪಟ್ಟು ಮಾಡಿದವರು ಉಳಿದವರಿಗಿಂತ ಹೆಚ್ಚು ಒದ್ದಾಡಿದರು.

ಇದಕ್ಕಿಂತಲೂ ಅಗ್ಗಕ್ಕೆ, ಹೆಸರಿಲ್ಲದ ಆಂಡ್ರಾಯ್ಡ್ ಬಾಕ್ಸ್ ಸಿಗುತ್ತವೆ. ಜೀವನಪರ್ಯಂತ ಎಲ್ಲ ಚಾನೆಲ್ ಫ್ರೀ ಅಂತ ಯಾರಾದರೂ ಹೇಳಿದ್ರೆ ದಯವಿಟ್ಟು ದೂರ ಇರಿ. ನಕಲು ತಡೆಯುವ ವೈಡ್‌ವೈನ್ ವ್ಯವಸ್ಥೆಯ ಎಲ್1 ಪರವಾನಗಿ ಇಲ್ಲದ ಬಾಕ್ಸಿನಲ್ಲಿ ದುಡ್ಡು ಕೊಟ್ಟ ಆ್ಯಪ್ ಕೂಡ ಮಸುಕಾಗಿಯೇ ಬರುತ್ತೆ, ಡಬ್ಬಿಯ ಮೇಲೆ 4ಕೆ ಅಂತ ಎಷ್ಟೇ ದೊಡ್ಡದಾಗಿ ಬರೆದಿರಲಿ. ಅದಕ್ಕಿಂತ ಭಯದ ವಿಷಯ ಅಂದ್ರೆ 2025ರ ಜೂನ್‌ನಲ್ಲಿ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ಬ್ಯಾಡ್‌ಬಾಕ್ಸ್ 2.0 ಅನ್ನೋ ಕಳ್ಳ ಜಾಲದ ಬಗ್ಗೆ ಕೊಟ್ಟ ಎಚ್ಚರಿಕೆ: ಇಂಥ ಕೆಲವು ಬಾಕ್ಸ್‌ಗಳಲ್ಲಿ ಕಾರ್ಖಾನೆಯಿಂದಲೇ ಕಳ್ಳ ಸಾಫ್ಟ್‌ವೇರ್ ಸೇರಿಕೊಂಡು ಬರುತ್ತೆ, ನಿಮ್ಮ ಇಂಟರ್‌ನೆಟ್ ಲೈನನ್ನು ಬೇರೆಯವರ ಅಪರಾಧಕ್ಕೆ ಬಳಸುತ್ತೆ. ಕೆಟ್ಟ ಆ್ಯಪ್ ಹಿಡಿಯುವ ಗೂಗಲ್‌ನ ಪ್ಲೇ ಪ್ರೊಟೆಕ್ಟ್ ಆಫ್ ಮಾಡಿ ಅಂತ ಕೇಳುವ ಬಾಕ್ಸನ್ನು ಆ ಕ್ಷಣವೇ ಕಿತ್ತಿಡಿ. ಬ್ಯಾಂಕಿನ ಆ್ಯಪ್ ಇರುವ ಮೊಬೈಲೂ ಅದೇ ವೈಫೈನಲ್ಲಿರುತ್ತೆ.

ಕರೆಂಟ್ ಹೋಗಿ ಬಂದಾಗ ಸ್ಟಿಕ್ ನೆಟ್‌ವರ್ಕ್ ಇಲ್ಲ ಅಂದ್ರೆ ಕೂಡಲೇ ಸೆಟ್ಟಿಂಗ್ ಕೆದಕಬೇಡಿ. ಸ್ಟಿಕ್ ಎದ್ದಿರುತ್ತೆ, ರೂಟರ್ ಇನ್ನೂ ಎದ್ದಿರುವುದಿಲ್ಲ. ಎರಡು ಮೂರು ನಿಮಿಷ ಬಿಟ್ಟು ನೋಡಿ. ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗುವ ಊರಾದ್ರೆ ರೂಟರಿಗೊಂದು ಸಣ್ಣ ಯುಪಿಎಸ್ ಹಾಕುವುದು ಒಳ್ಳೆಯದು. ರೂಟರಿನ ಅಡಾಪ್ಟರ್ ಮೇಲೆ 12 ವೋಲ್ಟ್ ಅಂತಿದ್ರೆ 12 ವೋಲ್ಟಿನದೇ ತನ್ನಿ, 9 ಅಂತಿದ್ರೆ 9ರದ್ದೇ. ಆಂಪಿಯರ್ ಅಲ್ಲಿ ಬರೆದಿರುವುದಕ್ಕಿಂತ ಕಡಿಮೆ ಇರಬಾರದು. ಪಿನ್ನಿನ ಗಾತ್ರ ಹೊಂದುತ್ತದೋ ಇಲ್ಲವೋ ಅಂತ ಅಂಗಡಿಯಲ್ಲೇ ಹಾಕಿ ನೋಡಲು ಆ ಅಡಾಪ್ಟರನ್ನೂ ಜೊತೆಗೆ ಒಯ್ಯಿರಿ.